ಒಂದು ಅಡುಗೆಮನೆ, ಏಳು ಪರವಾನಗಿ

ಕಡಲತೀರದ ಊರು ಉದ್ಧಾರ ಆಗ್ತಿದೆಯೋ ಇಲ್ವೋ ಅಂತ ತಿಳಿಯೋಕೆ ಇರೋದು ಒಂದೇ ದಾರಿ: ಆ ತಿಂಗಳು ಮನೆ ಕಟ್ಟೋಕೆ ಎಷ್ಟು ಪರವಾನಗಿ ಕೊಟ್ರು ಅಂತ ಎಣಿಸೋದು. ಮೀನು ಎಷ್ಟು ಸಿಕ್ತು, ಯಾರ ಮನೇಲಿ ಒಲೆ ಉರೀತು, ಅವೆಲ್ಲ ಗಣನೆಗೆ ಬರಲ್ಲ. ಹಂಗಂತ ಮೇಲಿನ ಕಚೇರಿಯಿಂದ ಸುತ್ತೋಲೆ ಬಂದಿದೆ. ಫೈಲಿಗೆ ಹಾಕಿದೋಳು ನಾನೇ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳ್ತಿರೋದು.

ನಾನು ಪರವಾನಗಿ ಕೌಂಟರಲ್ಲಿ ಕೂರೋಳು, ಸೇರಿ ಐದು ತಿಂಗಳಾಯ್ತು. ಪಕ್ಕದ ಮೇಜಲ್ಲಿ ಹೆಡ್ ಕ್ಲರ್ಕು. ಸೀಲಣ್ಣ ಅಂತೀವಿ, ಯಾಕಂದ್ರೆ ಬರೀ ಮಾತಾಡುವಾಗಲೂ ಅವರ ಕೈ ಮೇಜಿನ ಮೇಲೆ ಟಪ್ ಟಪ್ ಅಂತ ಬೀಳ್ತಾನೇ ಇರುತ್ತೆ. ಒಳಗಿನ ಕೋಣೇಲಿ ಸಾಹೇಬ್ರು. ಒಳ್ಳೇ ಮನುಷ್ಯ. ಬೆಳಿಗ್ಗೆ ಬಂದ ಕೂಡಲೇ ಪಕ್ಕದ ಊರಿನ ಸಂಖ್ಯೆ ಕೇಳ್ತಾರೆ, ಆಮೇಲೆ ನಮ್ಮದು ಕೇಳ್ತಾರೆ, ಆಮೇಲೆ ಒಂದು ಲೋಟ ನೀರು ಕೇಳ್ತಾರೆ.

ಆವತ್ತು ಪಕ್ಕದ ಊರಿಂದು ನಲವತ್ತೊಂದು, ನಮ್ಮದು ಮೂವತ್ತನಾಲ್ಕು. ಸಾಹೇಬ್ರು ಎರಡು ಲೋಟ ನೀರು ಕುಡಿದ್ರು. ಅಷ್ಟೊತ್ತಿಗೆ ಸರಿಯಾಗಿ ನಮ್ಮ ಸೋದರತ್ತೆ ಬಂದ್ಲು.

ಅತ್ತೆ ಬಂದರಲ್ಲಿ ಬಲೆ ಹೊಲಿಯೋರಿಗೆ ಮಧ್ಯಾಹ್ನದ ಊಟ ಮಾಡಿ ಕಳಿಸ್ತಾಳೆ. ಅದೇ ಆ ಮನೆಗೆ ಆಧಾರ. ಹಿಂದಿನ ವಾರದ ಗಾಳಿಗೆ ಅವಳ ಅಡುಗೆಮನೆ ಸೂರು ಹಾರಿ ಹೋಗಿ ಸಮುದ್ರ ಸೇರಿತ್ತು. ಮಳೆ ಶುರುವಾಗೋಕೆ ಹೆಚ್ಚಂದ್ರೆ ಹನ್ನೆರಡು ದಿನ. ಮಳೆ ಬಂದ್ರೆ ಒಲೆ ಆರುತ್ತೆ, ಒಲೆ ಆರಿದ್ರೆ ಊಟ ಇಲ್ಲ, ಬಲೆಯೋರು ಬೇರೆ ಕಡೆ ಹೋಗ್ತಾರೆ. ಅಷ್ಟೇ ವಿಷಯ.

"ಒಂದು ದುರಸ್ತಿ ಅರ್ಜಿ ಕೊಡೇ ಹುಡುಗಿ," ಅಂದ್ಲು.

ಸೀಲಣ್ಣ ನಿಟ್ಟುಸಿರು ಬಿಟ್ರು. "ದುರಸ್ತಿ ಫಾರಂ ನಿಲ್ಸಿಬಿಟ್ಟಿದೀವಮ್ಮ. ದುರಸ್ತಿ ಅಂದ್ರೆ ಊರಲ್ಲಿ ಏನೋ ಹಾಳಾಗಿದೆ ಅಂತ ಒಪ್ಕೊಂಡ ಹಾಗೆ. ಊರಿನ ಏಳಿಗೆಯ ಸೂಚ್ಯಂಕಕ್ಕೆ ಒಳ್ಳೇದಲ್ಲ. ಹೊಸ ಮನೆ ಇದ್ರೆ ಹೇಳಿ."

"ಹೊಸ ಮನೆ ಯಾಕಪ್ಪ ನಂಗೆ? ಇರೋ ಮನೆಗೆ ತಲೆ ಇಲ್ಲ!"

ಸಾಹೇಬ್ರು ಬಾಗಿಲಿಗೆ ಬಂದು ನಿಂತಿದ್ರು. "ಅಮ್ಮ, ನಿಮ್ಮನೇಲಿ ಕೋಣೆ ಎಷ್ಟು?"

ಅತ್ತೆ ಬೆರಳು ಮಡಚಿದ್ಲು. ಅಡುಗೆಮನೆ, ಪಡಸಾಲೆ, ಮಾವ ಮಲಗೋ ಕೋಣೆ, ಅವಳ ಅತ್ತೆ, ಅಂದ್ರೆ ಅಜ್ಜಿ ಇರೋ ಕೋಣೆ, ಬಚ್ಚಲು, ಜಗಲಿ. "ಆರು. ಕೋಳಿಗೂಡು ಸೇರಿಸಿದ್ರೆ ಏಳು," ಅಂತ ನಕ್ಕಳು.

ಸಾಹೇಬ್ರು ನಗಲಿಲ್ಲ. "ಸೇರಿಸೋಣ. ನಮಗೆ ಏಳೇ ಕಮ್ಮಿ ಇರೋದು."

ಹಂಗೆ ಅತ್ತೆಗೆ ಏಳು ಹೊಸ ಮನೆ ಮಂಜೂರಾಯ್ತು, ಅರ್ಧ ಗಂಟೆಯಲ್ಲಿ! ಮಾರನೇ ದಿನ ಅಳತೆಯೋರು ಟೇಪು ಹಿಡ್ಕೊಂಡು ಹೋದ್ರು. ಒಂದು ಮನೆಯಿಂದ ಇನ್ನೊಂದು ಮನೆಗೆ ಒಳಗಿಂದೊಳಗೇ ಹೋಗತಕ್ಕದ್ದಲ್ಲ ಅಂತ ನಿಯಮ ಇದೆಯಲ್ಲ, ಅದಕ್ಕೆ ಒಳಬಾಗಿಲಿಗೆಲ್ಲ ಹಲಗೆ ಹೊಡೆದ್ರು. ಪಡಸಾಲೆಯಿಂದ ಅಡುಗೆಮನೆಗೆ ಹೋಗೋಕೆ ಮಾವ ಈಗ ಕಿಟಕಿ ದಾಟಿ ಅಂಗಳ ಸುತ್ತಬೇಕು.

"ಒಂದು ಲೋಟ ನೀರು ಕೊಡೇ," ಅಂತ ಮಾವ ಗೋಡೆಯಾಚೆಯಿಂದ ಕೂಗಿದ್ರು.

"ಪಕ್ಕದ ಮನೆಯೋರನ್ನ ಹಂಗೆಲ್ಲ ಏಕವಚನದಲ್ಲಿ ಕೂಗಬಾರದು ರೀ. ಸುತ್ತಿ ಬನ್ನಿ."

ಅಜ್ಜಿಗೆ ಮಾತ್ರ ಖುಷಿಯೋ ಖುಷಿ. "ಮದುವೆಯಾದ ವರ್ಷದಿಂದ ಬೇರೆ ಮನೆ ಮಾಡೋಣ ಅಂತ ಗಂಡನ್ನ ಕೇಳ್ತಾ ಇದ್ದೆ. ಅವರು ಹೋದ್ರು, ಸರ್ಕಾರ ಮಾಡಿಕೊಡ್ತು," ಅಂದ್ರು.

ನಮ್ಮೂರು ನಲವತ್ತೊಂದಕ್ಕೆ ನಲವತ್ತೊಂದು ಸಮ ಆಯ್ತು. ಕಚೇರಿ ಮುಂದಿನ ಗೋಡೆ ಮೇಲೆ ಪೇಂಟರು ಕೆಂಪು ಬಾಣ ಮೇಲಕ್ಕೆ ಬರೆದ. ಎಲ್ಲರೂ ನಿಂತು ನೋಡಿದ್ರು, ತಗಡಿನ ಅಂಗಡಿಯವರೂ ನೋಡಿದ್ರು. ಸಂಜೆ ಅತ್ತೆ ಸೂರಿಗೆ ತಗಡು ಕೇಳೋಕೆ ಹೋದ್ರೆ ಬೆಲೆ ದುಪ್ಪಟ್ಟು!

"ನಿನ್ನೆ ಹಿಂಗಿರಲಿಲ್ಲವಲ್ಲಣ್ಣ?"

"ನಿನ್ನೆ ಊರು ಬಡತನದಲ್ಲಿತ್ತಮ್ಮ. ಬಾಣ ನೋಡ್ಲಿಲ್ವಾ? ಅಲ್ದೆ, ಏಳು ಮನೆ ಕಟ್ತಿರೋರು ನೀವು, ನಮ್ಮ ಹತ್ರ ಚೌಕಾಸಿ ಮಾಡ್ತೀರಾ?"

ಅತ್ತೆ ಸೀದಾ ಕೌಂಟರಿಗೆ ಬಂದ್ಲು. ಕಣ್ಣು ಕೆಂಪಗಿತ್ತು. "ಸೂರು ಕೇಳಿದ್ದಕ್ಕೆ ಮನೆ ಕೊಟ್ರಿ. ಈಗ ಸೂರು ಹಾಕೋ ಯೋಗ್ಯತೆ ಇಲ್ಲದಂಗೆ ಶ್ರೀಮಂತೆ ಮಾಡಿದ್ರಿ. ಹತ್ತು ದಿನಕ್ಕೆ ಮಳೆ. ನಾನೇನ್ ಕೊಡೆ ಹಿಡ್ಕೊಂಡು ಒಲೆ ಊದ್ಲಾ?"

ಸಾಹೇಬ್ರು ಮೃದುವಾಗಿ ವಿವರಿಸಿದ್ರು: "ಅಮ್ಮ, ಸೂಚ್ಯಂಕಕ್ಕೆ ಲೆಕ್ಕ ಪರವಾನಗಿ. ಮನೆ ಅಲ್ಲ. ಕಟ್ಟಲೇಬೇಕು ಅಂತ ನಾವು ಯಾರಿಗೂ ಒತ್ತಾಯ ಮಾಡಲ್ಲ."

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಪತ್ರ ಬಂತು. ತಪಾಸಣೆಗೆ ಬರ್ತಾರಂತೆ. ಪ್ರತಿ ಪರವಾನಗಿಗೂ ನಿವೇಶನದಲ್ಲಿ ಆರಡಿ ಉದ್ದ, ಮೂರಡಿ ಅಗಲದ ದಪ್ಪ ತಗಡಿನ ಫಲಕ ಇರತಕ್ಕದ್ದು, ಫಲಕ ಇಲ್ಲದ ಪರವಾನಗಿ ಎಣಿಕೆಗೆ ಬಾರದು, ಫಲಕವನ್ನು ಕಚೇರಿಯೇ ಉಚಿತವಾಗಿ ಕೊಡತಕ್ಕದ್ದು. ಸಾಹೇಬ್ರು ಒಂದೇ ದಿನದಲ್ಲಿ ನಲವತ್ತೊಂದು ಫಲಕ ಮಾಡಿಸಿದ್ರು. ಅತ್ತೆ ಮನೆಗೆ ಏಳು ಹೋದವು, ಗಾಡಿ ಮೇಲೆ.

ತಪಾಸಣೆಯ ದಿನ ಮೊದಲ ಮಳೆ. ಎಂಥಾ ಮಳೆ ಅಂತೀರಾ! ತಂಡದ ಮುಖ್ಯಸ್ಥೆ ಮೇಡಂ ಕೊಡೆ ಹಿಡ್ಕೊಂಡು ಅತ್ತೆ ಅಂಗಳದಲ್ಲಿ ನಿಂತು ಸುತ್ತ ನೋಡಿದ್ರು. ಒಂದೂ ಫಲಕ ಕಾಣಿಸ್ಲಿಲ್ಲ. ಸಾಹೇಬ್ರ ಮುಖ ಬಿಳಿಚಿಕೊಂಡಿತು.

"ಫಲಕ ಎಲ್ಲಮ್ಮ?"

"ಒಳಗೆ ಬನ್ನಿ, ನೆನೀತೀರಿ," ಅಂತ ಅತ್ತೆ ಸೌಟಿನಿಂದ ಮೇಲೆ ತೋರಿಸಿದ್ಲು.

ಏಳೂ ಫಲಕ ಅಡುಗೆಮನೆ ಮೇಲೆ ಮಲಗಿದ್ದವು, ಒಂದರ ಅಂಚಿನ ಮೇಲೆ ಒಂದು, ಅಕ್ಷರ ಕೆಳಮುಖ. ಹೊರಗೆ ಧೋ ಅಂತ ಸುರೀತಿತ್ತು, ಒಳಗೆ ಒಲೆ ಧಗಧಗ ಉರೀತಿತ್ತು. ಮೇಡಂ ಕತ್ತೆತ್ತಿ, ಕನ್ನಡಕ ಒರೆಸಿಕೊಂಡು, ಒಂದೊಂದೇ ಓದಿದ್ರು. ಸೀಲಣ್ಣ ಉಸಿರು ಬಿಗಿ ಹಿಡಿದು ನಿಂತ್ರು. ಕಿತ್ತು ಹಾಕಿ ಅಂದ್ರೆ ಮುಗೀತು, ಇವತ್ತಿನ ಊಟಾನೂ ಮುಗೀತು, ನಾಳಿನದೂ.

"ನಿಯಮದಲ್ಲಿ ಏನಿದೆ?" ಅಂತ ಮೇಡಂ ಕೇಳಿದ್ರು.

ಫೈಲು ಹಿಡ್ಕೊಂಡು ಹಿಂದೆ ನಿಂತಿದ್ದ ನಾನು ಆ ಪತ್ರ ತೆಗೆದು ಪಟಪಟ ಓದಿದೆ. "ಫಲಕವು ಎತ್ತರದಲ್ಲಿರತಕ್ಕದ್ದು. ಗಾಳಿಗೆ ಅಲುಗದಂತೆ ಭದ್ರಪಡಿಸತಕ್ಕದ್ದು. ನಿವಾಸಿಗಳಿಗೂ ಸಂದರ್ಶಕರಿಗೂ ಸ್ಪಷ್ಟವಾಗಿ ಕಾಣತಕ್ಕದ್ದು."

"ಎತ್ತರದಲ್ಲಿದೆ, ಭದ್ರವಾಗಿದೆ, ನನಗೆ ಕಾಣಿಸ್ತಿದೆ." ಮೇಡಂ ಬರ್ಕೊಂಡ್ರು. "ಇಡೀ ಜಿಲ್ಲೆಯಲ್ಲಿ ಮಳೆಗೆ ಅಕ್ಷರ ಅಳಿಸಿಹೋಗದ ಫಲಕ ಅಂದ್ರೆ ಇವೇ. ಮಾದರಿ ಅಂತ ಘೋಷಿಸಿ." ಆಮೇಲೆ ಅಲ್ಲೇ ಕೂತು ಊಟ ಮಾಡಿದ್ರು.

ಈಗ ಪ್ರಕಟಣೆ ಹೊರಟಿದೆ: ಇನ್ನು ಮುಂದೆ ಎಲ್ಲ ಪರವಾನಗಿ ಫಲಕಗಳನ್ನೂ ಸಾರ್ವಜನಿಕರು ತಲೆಯ ಮೇಲೆ, ಅಕ್ಷರ ಕೆಳಗೆ ಬರುವಂತೆ ಅಳವಡಿಸತಕ್ಕದ್ದು. ಕೌಂಟರ್ ಮುಂದೆ ಸಾಲು ಮೀನು ಮಾರ್ಕೆಟ್ಟಿನವರೆಗೂ ಹೋಗಿದೆ. ನಮ್ಮ ಸಂಖ್ಯೆ ಮುನ್ನೂರು ದಾಟಿದೆ. ಗೋಡೆ ಸಾಲದೆ ಬಾಣದ ತುದಿಯನ್ನ ಪೇಂಟರು ಪಕ್ಕದ ಅಂಚೆ ಕಚೇರಿ ಮೇಲೆ ಬರೆದಿದ್ದಾನೆ. ಅಂಚೆಯೋರು ಏನೂ ಅಂದಿಲ್ಲ, ಅವರ ವರಾಂಡಾನೂ ಸೋರ್ತಿತ್ತಂತೆ, ಆರು ಮನೆಗೆ ಅರ್ಜಿ ಹಾಕಿದ್ದಾರೆ.

ನಿನ್ನೆ ಅತ್ತೆ ಮತ್ತೆ ಬಂದಿದ್ಲು, ಸೆರಗು ಒದ್ದೆ.

"ಇನ್ನೊಂದು ಮನೆ ಕೊಡೇ. ಒಲೆ ಮೂಲೇಲಿ ಹನಿ ಬೀಳ್ತಿದೆ."

ಸೀಲಣ್ಣ ತಲೆ ಎತ್ತಲೇ ಇಲ್ಲ, ಟಪ್ ಅಂತ ಸೀಲು ಹಾಕಿದ್ರು. "ಒಂದು ಸಾಕಾಗುತ್ತಾ? ಅಂಚಿಗೆ ಅಂಚು ಕೂರಬೇಕಲ್ಲಮ್ಮ. ಎರಡು ಮನೆ ತಗೊಂಡು ಹೋಗಿ."