ನಮ್ಮ ವ್ಯಾನಿಗೆ ಜೀಪಿನ ಜೀವ

ರಸ್ತೆ ಬದಿಯಲ್ಲಿ ಯಾರದಾದರೂ ಗಾಡಿ ಕೆಟ್ಟು ನಿಂತು ಅದರ ಬಾನೆಟ್ಟು ತೆರೆದಿದ್ದರೆ, ಸುಮ್ಮನೆ ದಾಟಿಹೋಗುವುದು ನನ್ನಿಂದ ಆಗದ ಮಾತು. ಮದುವೆಯ ಊಟಕ್ಕೆ ತಡವಾಗಿರಲಿ, ಕಾಲೇಜಿನಲ್ಲಿ ಪಾಠದ ಗಂಟೆ ಹೊಡೆದಿರಲಿ, ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಒಳಗೆ ಇಣುಕಿ, ಪ್ಲಗ್ ನೋಡಿದಿರಾ ಎಂದು ಕೇಳಲೇಬೇಕು. ಪ್ಲಗ್ ಎಲ್ಲಿದೆ ತೋರಿಸಿ ಎಂದು ಅವರು ತಿರುಗಿ ಕೇಳಿದರೆ ನನ್ನ ಗತಿ ಮುಗಿಯಿತು, ಆ ಮಾತು ಬೇರೆ. ನಾನು ಧಾರವಾಡದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ಮನೆ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ. ಹಳೆಯದನ್ನು ಕಲಿಸಿ ಕಲಿಸಿ ಇವರ ಕಣ್ಣಿಗೆ ಹೊಸದು ಬೀಳುವುದೇ ಇಲ್ಲ ಎಂದು ನನ್ನ ಹೆಂಡತಿ ಗಿರಿಜಾ ಮನೆಗೆ ಬಂದವರ ಎದುರೆಲ್ಲ ಹೇಳುತ್ತಿದ್ದಳು. ಆ ವ್ಯಾನು ಬಂದ ಮೇಲಂತೂ ಅವಳ ಮಾತಿಗೆ ಸಾಕ್ಷಿ ಅಂಗಳದಲ್ಲೇ ನಿಂತುಬಿಟ್ಟಿತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ತಮ್ಮ ದೇಶಕ್ಕೆ ಮರಳಿ ಹೊರಟಿದ್ದ ವಯಸ್ಸಾದ ಡಾಕ್ಟರೊಬ್ಬರು ತಮ್ಮ ಜಪಾನಿ ವ್ಯಾನನ್ನು ನನ್ನ ಕೊರಳಿಗೆ ಕಟ್ಟಿ ಹೋದರು. ಅದರ ವಿಶೇಷವೆಂದರೆ ನಾಲ್ಕೂ ಗಾಲಿಗಳಿಗೆ ಇಂಜಿನ್ನಿನ ಬಲ. ಉಳಿದ ಗಾಡಿಗಳಲ್ಲಿ ಎರಡು ಗಾಲಿ ದುಡಿಯುತ್ತವೆ, ಇನ್ನೆರಡು ಸುಮ್ಮನೆ ಜೊತೆಗೆ ಉರುಳುತ್ತವೆ, ನಮ್ಮ ಸ್ಟಾಫ್ ರೂಮಿನ ಹಾಗೆ. ಇದರಲ್ಲಿ ಆ ಭೇದವಿಲ್ಲ. ಇಂಜಿನ್ನು ಮುಂದಿನ ಸೀಟಿನ ಕೆಳಗೇ ಇತ್ತು. ಧಾರವಾಡ ಮುಟ್ಟುವಷ್ಟರಲ್ಲಿ ಕೂತವರು ಕೆಳಗಿನಿಂದ ಬೇಯತೊಡಗುತ್ತಿದ್ದರು. ನನ್ನ ಅತ್ತೆಗೆ ಮಾತ್ರ ಮೊಣಕಾಲು ನೋವಿಗೆ ಆ ಶಾಖ ಹಿತವಾಗಿತ್ತು. ವ್ಯಾನಿನ ಪರವಾಗಿ ನಮ್ಮ ಬಳಗದಲ್ಲಿ ಇದ್ದದ್ದು ಅವರದೊಂದೇ ಮತ.

ಹೀಗೆ ಕೆಲವು ವರ್ಷ ನಡೆದ ಗಾಡಿ ಒಂದು ದಿನ ಗಬ್ಬೂರಿನ ಬೈಪಾಸಿನಲ್ಲಿ ಕರೀ ಹೊಗೆ ಬಿಟ್ಟು, ಗಡಗಡ ನಡುಗಿ, ಸುಮ್ಮನಾಯಿತು. ಅಲ್ಲೇ ಗ್ಯಾರೇಜು ಇಟ್ಟುಕೊಂಡಿದ್ದ ದಸ್ತಗೀರ ಮಿಸ್ತ್ರಿ ಅದನ್ನು ಎಳೆಸಿಕೊಂಡು ಹೋಗಿ, ಕಿವಿ ಇಟ್ಟು ಕೇಳಿ, ಮುಖ ಸಣ್ಣದು ಮಾಡಿದ.

"ಸರ್, ಇದರ ಎದಿನೂ ಹೋಗೇತಿ, ಗೇರ್ ಬಾಕ್ಸೂ ಹೋಗೇತಿ. ಇದರ ಸಾಮಾನಿಗೆ ಜಪಾನಕ್ಕ ಹೋಗೂದು ಆಗೂದಿಲ್ಲ. ನಮ್ಮ ಜೀಪಿನ ಇಂಜಿನ್ ಕೂಡ್ರಸೋಣೇನ್ರಿ?"

ಖರೆ ಹೇಳುತ್ತೇನೆ, ಆ ಕ್ಷಣ ನನಗೆ ದುಃಖವಾಗಲಿಲ್ಲ. ಮೈ ಜುಮ್ಮೆಂದಿತು. ಜಪಾನಿನ ದೇಹಕ್ಕೆ ನಮ್ಮ ಜೀಪಿನ ಜೀವ! ಇಂಥದ್ದು ಹುಬ್ಬಳ್ಳಿ-ಧಾರವಾಡದಲ್ಲಿ ಬೇರೆ ಯಾರ ಮನೆಯಲ್ಲಿದೆ? ಕುಣಿಯುತ್ತ ಮನೆಗೆ ಬಂದು ಹೇಳಿದರೆ, ಗಿರಿಜಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ತನ್ನ ತೀರ್ಮಾನ ಹೇಳಿದಳು. ಅವಳ ತಂಗಿಗೆ ಏಳು ತಿಂಗಳು ತುಂಬಿತ್ತು. ಶ್ರಾವಣದಲ್ಲಿ ಗಂಡನ ಊರಿನಲ್ಲಿ ಕುಬಸ, ಅಂದರೆ ಸೀಮಂತ. ಊರು ಎರೆಹೊಲಗಳ ನಡುವೆ. ಮಳೆ ಬಿತ್ತೆಂದರೆ ಅಲ್ಲಿಗೆ ಬಸ್ಸು ಇಲ್ಲ, ಕಾರು ಹೋಗುವುದಿಲ್ಲ. ತಾಯಿಯಾದವಳು ಹಸಿರು ಸೀರೆ, ಕುಬಸದ ಖಣ ತಗೊಂಡು ಹೋಗಿ ಮಗಳ ಉಡಿ ತುಂಬಲೇಬೇಕು. ಅತ್ತೆಯ ಮೊಣಕಾಲಿಗೆ ಕೆಸರಿನಲ್ಲಿ ನಡೆಯುವುದು ಸಾಧ್ಯವಿರಲಿಲ್ಲ.

"ಅವ್ವನ್ನ ಕುಬಸಕ್ಕ ಮುಟ್ಟಿಸಿದ್ರ ನಿಮ್ಮ ವ್ಯಾನು ಮನ್ಯಾಗ ಇರ್ತೈತಿ. ಇಲ್ಲಂದ್ರ ಗುಜರಿಗೆ. ನಾ ಹೆಂಗೂ ಕ್ಲಾಸಿಗೆ ಹೊಂಟೇನಿ, ಸಣ್ಣದೊಂದು ಹೊಸಾ ಕಾರ್ ತಗೊಳ್ಳೋಣು."

ಕ್ಲಾಸೆಂದರೆ ಡ್ರೈವಿಂಗ್ ಕ್ಲಾಸು. ನಾನು ಕಾಲೇಜಿನಲ್ಲಿರುವ ಹೊತ್ತಿನಲ್ಲಿ ಅವಳು ಕಲಿಯಲು ಸೇರಿಕೊಂಡಿದ್ದಳು. ನಾನು ಅದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನನ್ನ ಜೀವವೆಲ್ಲ ಗಬ್ಬೂರಿನಲ್ಲಿತ್ತು.

ಪಾಠ ಮುಗಿದದ್ದೇ ತಡ, ಗ್ಯಾರೇಜಿಗೆ ಓಟ. ಹಳೇ ಟೈರಿನ ಮೇಲೆ ನನ್ನ ಆಸನ. ಬೇವಿನ ಮರದ ಕೊಂಬೆಗೆ ಸರಪಳಿ ಕಟ್ಟಿ ಹಳೆಯ ಇಂಜಿನ್ನನ್ನು ಮೇಲೆತ್ತಿದ ದಿನ ನಾನು ಚಪ್ಪಾಳೆ ತಟ್ಟಿದೆ. ಇಂಜಿನ್ನು, ಗೇರ್ ಬಾಕ್ಸು ಜೋಡಿಯಾಗಿಯೇ ಬರಬೇಕು, ಗಂಡ ಹೆಂಡರನ್ನು ಅಗಲಿಸಬಾರದು ಎಂದ ಮಿಸ್ತ್ರಿ. ಅವು ಬಂದ ಮೇಲೆ, ಇವಕ್ಕೆ ಹಿಂದಿನ ಗಾಲಿಗಳ ನಡುವೆ ಕೂತು ಅವನ್ನು ತಿರುಗಿಸುವ ಹೌಸಿಂಗೂ ಜೀಪಿನದೇ ಆಗಬೇಕು ಎಂದ. ಅಂತೂ ಸೊಸೆಯ ಹಿಂದೆ ಬೀಗರೆಲ್ಲ ಬಂದು ಇಳಿದಂತಾಯಿತು. ಗಾಡಿಯ ಹೊಟ್ಟೆಯ ಕೆಳಗೆ ವೆಲ್ಡಿಂಗಿನ ಕಿಡಿ ಹಾರಿದ ಹಾಗೆಲ್ಲ ನನಗೆ ದೀಪಾವಳಿ. ಕ್ಲಾಸಿನಲ್ಲಿ ವಿಜಯನಗರದ ಸೈನ್ಯದ ಬಗ್ಗೆ ಹೇಳುತ್ತ ನಾನು ಎರಡು ಸಲ ಕ್ಲಚ್ ಪ್ಲೇಟಿನ ಸುದ್ದಿ ತೆಗೆದೆನೆಂದು ಆಮೇಲೆ ಗೊತ್ತಾಯಿತು.

ಕುಬಸಕ್ಕೆ ಎರಡು ದಿನವಿದೆ ಎನ್ನುವಾಗ ಗಾಡಿ ತಯಾರಾಯಿತು. ಪೂಜೆಗೆ ಗಿರಿಜಾ, ಅತ್ತೆ ಇಬ್ಬರೂ ಬಂದರು. ನಾಲ್ಕೂ ಗಾಲಿ ದುಡಿಯುವ ಗಾಡಿಯೆಂದು ನಾಲ್ಕರ ಮುಂದೆಯೂ ಒಂದೊಂದು ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಮಿಸ್ತ್ರಿ ಒಳಗೆ ಹತ್ತಿದ. ಜೀಪಿನ ಇಂಜಿನ್ನು ಗುಡುಗಿತು. ನನ್ನ ಕಣ್ಣು ತುಂಬಿ ಬಂದವು. ಮಿಸ್ತ್ರಿ ಗೇರು ಹಾಕಿ ಕ್ಲಚ್ ಬಿಟ್ಟ. ಗಾಡಿ ಕೂಗಿತು, ನಡು ಎತ್ತಿ ನಡುಗಿತು, ನಿಂತಲ್ಲಿಯೇ ಕೆಸರು ಎರಚಿತು. ಒಂದು ಗೇಣೂ ಮುಂದೆ ಹೋಗಲಿಲ್ಲ.

"ದಿಷ್ಟಿ ಆಗೇತಿ," ಎಂದರು ಅತ್ತೆ. ಮಿಸ್ತ್ರಿಯೂ ತಲೆಯಾಡಿಸಿದ. ನಾನು, ಎಂ.ಎ. ಮಾಡಿದವನು, ಸ್ಕೂಟರಿನ ಮೇಲೆ ಓಡಿಹೋಗಿ ಇನ್ನೂ ದಪ್ಪ ನಿಂಬೆಹಣ್ಣು, ಜೊತೆಗೊಂದು ಬೂದುಗುಂಬಳಕಾಯಿ ತಂದೆ. ಕುಂಬಳಕಾಯಿ ಒಡೆಯಿತು, ಗಾಡಿ ಮತ್ತೆ ನಿಂತಲ್ಲೇ ಕುಣಿಯಿತು. ಇನ್ನೂ ದಪ್ಪ ಹಣ್ಣು ಎಲ್ಲಿ ಸಿಗಬಹುದು ಎಂದು ನಾವು ಮೂವರೂ ಗಹನವಾಗಿ ಚರ್ಚಿಸುತ್ತಿದ್ದಾಗ, ಬಗ್ಗಿ ನೋಡುತ್ತಿದ್ದ ಗಿರಿಜಾ ಎದ್ದು ನಿಂತಳು. ಮುಂದಿನ ಗಾಲಿಯ ಹಣ್ಣುಗಳು ರಸವಾಗಿದ್ದವು. ಹಿಂದಿನವು ಮದುಮಕ್ಕಳ ಹಾಗೆ ಕೂತಿದ್ದವು.

"ಮಿಸ್ತ್ರಿ, ಮುಂದಿನ ಗಾಲಿ ಮುಂದ ಹೊಂಟಾವು, ಹಿಂದಿನ ಗಾಲಿ ಹಿಂದಕ್ಕ ಹೊಂಟಾವಲ್ಲ?"

ದಸ್ತಗೀರ ಗಾಡಿಯ ಕೆಳಗೆ ನುಸುಳಿದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಹೌಸಿಂಗನ್ನು ತಲೆಕೆಳಗಾಗಿ ಕೂಡಿಸಿ ವೆಲ್ಡಿಂಗ್ ಮಾಡಿದ್ದರು! ಮರುದಿನ ಸಂಜೆಯೊಳಗೆ ಅದನ್ನು ಕತ್ತರಿಸಿ, ತಿರುವಿ, ಮತ್ತೆ ಬೆಸೆದರು. ಈ ಸಲ ಕ್ಲಚ್ ಬಿಟ್ಟ ಕೂಡಲೇ ವ್ಯಾನು ಜಿಗಿದು ಬೈಪಾಸು ಸೇರಿತು. ನಾನು ಹಿಂದೆ ಹಿಂದೆ ಓಡಿದೆ.

ಕುಬಸದ ದಿನ ಬೆಳಿಗ್ಗೆ ಮಳೆ ಹಿಡಿದೇ ಇತ್ತು. ಮುಂದಿನ ಬಿಸಿ ಸೀಟಿನಲ್ಲಿ ಅತ್ತೆ, ಅವರ ಪಕ್ಕ ಉಡಿಯ ಬುಟ್ಟಿ ಹಿಡಿದು ಗಿರಿಜಾ, ಹಿಂದೆ ಹೆಂಗಸರು, ಬುತ್ತಿಯ ಗಂಟುಗಳು. ಡಾಂಬರು ಮುಗಿಯುವವರೆಗೆ ನಾನು ರಾಜನಂತೆ ನಡೆಸಿದೆ. ಆಮೇಲೆ ಎರೆಮಣ್ಣು. ಕಪ್ಪಗೆ, ಮೆತ್ತಗೆ, ಊರ ಹೆಬ್ಬಾಗಿಲಾದ ಅಗಸಿಯವರೆಗೂ ಹಾಸಿಕೊಂಡಿತ್ತು. ಒಂದು ಟ್ರ್ಯಾಕ್ಟರು ಮಗ್ಗುಲಿಗೆ ವಾಲಿ ಸಿಕ್ಕಿಬಿದ್ದಿತ್ತು. ಗಾಡಿ ನಿಲ್ಲಿಸಿದೆ. ಮೊದಲು ಆಳ ನೋಡಬೇಕು ಎಂದು ಜಾಣನ ಹಾಗೆ ಹೇಳಿ ಕೆಳಗಿಳಿದೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಎರಡೂ ಚಪ್ಪಲಿ ಭೂಮಿತಾಯಿಯ ಪಾಲಾದವು. ಕಾಲು ಮೀನಖಂಡದವರೆಗೆ ಹೂತವು.

ಹಿಂದೆ ಇಂಜಿನ್ನು ಗುಡುಗಿತು. ತಿರುಗಿ ನೋಡಿದರೆ ಗಿರಿಜಾ ನನ್ನ ಸೀಟಿನಲ್ಲಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ವ್ಯಾನು ಕೆಸರಿಗೆ ಇಳಿಯಿತು, ಒಮ್ಮೆ ಓಲಾಡಿತು, ನಾಲ್ಕೂ ಗಾಲಿ ಒಂದೇ ಮನಸ್ಸಿನಿಂದ ಕಚ್ಚಿ ಎಳೆದವು. ಅಯ್ಯೋ, ಆ ಸೊಗಸು! ಒಳಗೆ ಕೂತವರಿಗೆ ಅದು ಕಾಣುವುದಿಲ್ಲ, ಹೊರಗೆ ನಿಂತೇ ನೋಡಬೇಕು. "ಬಿಡಬ್ಯಾಡ, ಹೊಡಿ!" ಎಂದು ಕೈ ಬೀಸಿ ಕೂಗಿದೆ. ವ್ಯಾನು ನನ್ನ ಮುಖಕ್ಕೆ ಕೆಸರು ಎರಚಿ, ಟ್ರ್ಯಾಕ್ಟರನ್ನು ದಾಟಿ, ಅಗಸಿಯ ಮುಂದೆ ಹೋಗಿ ನಿಂತಿತು. ಅತ್ತೆ ಕೆಸರು ಮುಟ್ಟದ ಕಾಲಿನಲ್ಲಿ ಇಳಿದು ಮಗಳ ಮನೆ ಹೊಕ್ಕರು. ಸಂತೋಷ ಇಳಿದ ಮೇಲೆ ನೋಡಿಕೊಂಡರೆ, ನಮ್ಮ ಬಳಗದಲ್ಲಿ ಕೆಸರಿನಲ್ಲಿ ಉಳಿದವನು ನಾನೊಬ್ಬನೇ.

ನಾನು ಬರಿಗಾಲಲ್ಲಿ ಮುಟ್ಟಿದಾಗ ಉಡಿ ತುಂಬಿ, ಆರತಿಯೂ ಆಗಿತ್ತು. ಗಿರಿಜಾಳ ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿದ್ದವು. ನನ್ನನ್ನು ಪಕ್ಕಕ್ಕೆ ಕರೆದು, ಹೊಸ ಕಾರಿನ ಮಾತು ಬೇಡ, ಈ ವ್ಯಾನನ್ನು ಯಾರಿಗೂ ಕೊಡಬಾರದು ಎಂದಳು. ನಾನು ಗೆದ್ದೆ! ಕುಣಿದಾಡುವಷ್ಟು ಹಿಗ್ಗಿ, ಕಾಲು ತೊಳೆದುಕೊಂಡು, ಊಟ ಮುಗಿಸಿ, ಮೊದಲಿಗನಾಗಿ ಬಂದು ಸ್ಟೀರಿಂಗ್ ಕಡೆಯ ಬಾಗಿಲು ತೆಗೆದೆ. ಗಿರಿಜಾ ಆಗಲೇ ಕೂತಿದ್ದಳು.

"ನೀವು ಹಿಂದ ಕೂಡ್ರಿ," ಎಂದಳು. "ಬೀಗರು ಕೊಟ್ಟ ಸಾರಿನ ಪಾತೇಲಿ ಹಿಡಕೊಳ್ಳಾಕ ಯಾರರ ಬೇಕಲ್ಲ."