ಸೀಬಮ್ಮ, ವಯಸ್ಸು ಅರವತ್ತು

ದರ್ಜಿಯ ಬಾಯಲ್ಲಿ ನಾಲ್ಕು ಗುಂಡುಸೂಜಿ ಇಲ್ಲದೆ ಹೋಗಿದ್ದರೆ ಅವತ್ತಿನ ರಾದ್ಧಾಂತವೇ ಆಗುತ್ತಿರಲಿಲ್ಲ.

ಬೆಳಗ್ಗೆ ಯಾರದೋ ಕೋಟಿನ ಅಂಚು ಮಡಿಸುತ್ತ ಕೂತಿದ್ದ. ಮನೆಮನೆಯಲ್ಲಿ ವಾಸ ಇರುವವರ ಪಟ್ಟಿ ಬರೆಯುತ್ತ ಬಂದ ಗುಮಾಸ್ತ ಬಾಗಿಲಲ್ಲಿ ನಿಂತು, ಪಟ್ಟಿಯಿಂದ ತಲೆಯೆತ್ತದೆ ಕೇಳಿದ: “ಈ ಮನೇಲಿ ಎಷ್ಟು ಜೀವ?”

ಬೀದಿಯವರೆಲ್ಲ ಗಂಡ, ಹೆಂಡತಿ, ಮಕ್ಕಳು ಅಂತ ಎಣಿಸಿ ಹೇಳಿದ್ದರು. ಆದರೆ ಈ ದರ್ಜಿ ಅವನಮ್ಮನ ಮಗ. ಅಮ್ಮ ಇದ್ದಾಗ ದಿನಾ ಹಿತ್ತಿಲ ಬಾಗಿಲಲ್ಲಿ ನಿಂತು ಬೆರಳು ಮಡಿಸುತ್ತಿದ್ದಳು: “ಸೀಬೆಗೆ ನೀರಾಯ್ತು, ಚೆಲುವಿಗೆ ಹಾಲಾಯ್ತು, ಚಿಕ್ಕಿ, ಚಿನ್ನಿ, ಕರಿಯಣ್ಣ... ಐದು ಜೀವದ್ದೂ ಆಯ್ತು.” ಸೀಬೆ ಮರ, ಬೆಕ್ಕು, ಅಳಿಲು ಎರಡು, ಕಾಗೆ ಒಂದು. ಹಳಬರು ಹೋಗಿ ಹೊಸಬರು ಬಂದರೂ ಹೆಸರು ಮಾತ್ರ ಅವೇ. “ನಿಂದು ಆಯ್ತೇನಮ್ಮಾ?” ಅಂತ ಮಗ ಕೇಳಬೇಕು. “ಅಯ್ಯೋ, ನನ್ನ ಎಣಿಸಿಕೊಳ್ಳೋದೇ ಮರ್ತೋಯ್ತು!” ಅಂತ ಅವಳು ನಗಬೇಕು. ಅವಳು ಹೋದ ಮೇಲೆ ಆ ಎಣಿಕೆ ಮಗನ ಪಾಲಿಗೆ ಬಂದಿತ್ತು.

“ಐದು,” ಎಂದ ಸೂಜಿಗಳ ಸಂದಿಯಿಂದ.

“ಹಿರಿಯರು?”

“ಸೀಬೆಮ...ಮ. ಅರವತ್ತಾಯ್ತು.” ‘ಮರ’ ಅನ್ನುವುದು ಸೂಜಿಗಳ ನಡುವೆಯೇ ಸಿಕ್ಕಿಕೊಂಡಿತು.

“ಸೀಬಮ್ಮ,” ಗುಮಾಸ್ತ ಬರೆದುಕೊಂಡ. “ಆಮೇಲೆ?”

ಉಳಿದ ನಾಲ್ಕು ಹೆಸರೂ ಬಂದವು.

“ಈ ಕರಿಯಣ್ಣಂಗೆ ಏನು ಕೆಲಸ?”

“ಬೆಳಗ್ಗೆ ಬಂದು ತಿಂದು ಹೋಗ್ತಾನೆ.”

“ಗೊತ್ತಾಯ್ತು. ಸಂಬಂಧಿಕ,” ಎಂದು ಅದನ್ನೂ ಬರೆದು, ಮೊಹರು ಒತ್ತಿ, ಒಂದು ಪ್ರತಿ ಕೊಟ್ಟು ಹೋದ.

ಎದುರುಗಡೆಯ ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಓಡಿಬಂದ. “ಹೊಸ ನೀರಿನ ಕೊಳವೆ ನಿನ್ನ ಹಿತ್ತಿಲಲ್ಲೇ ಹೋಗುತ್ತಂತೆ. ನಾಳೆ ಸೀಬೆ ಮರ ಕಡೀತಾರೆ! ವಾಸ ಇರೋರ ಜಾಗ ಮಾತ್ರ ಮುಟ್ಟೋ ಹಾಗಿಲ್ಲವಂತೆ.”

ಅಮ್ಮ ಆ ಮರದ ನೆರಳಲ್ಲೇ ಅವನಿಗೆ ಸೂಜಿಗೆ ದಾರ ಪೋಣಿಸುವುದು ಕಲಿಸಿದ್ದಳು. ಅಷ್ಟರಲ್ಲಿ ಕ್ಷೌರಿಕ ಪಟ್ಟಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ತಪ್ಪಾಗಿದೆ, ಹೋಗಿ ಸರಿಮಾಡಿಸ್ತೀನಿ,” ಎಂದು ದರ್ಜಿ ಎದ್ದ.

“ಬಾಯಿ ಮುಚ್ಕೊಂಡು ಕೂತ್ಕೋ! ಯಾವುದು ತಪ್ಪು? ಮರ ಜೀವ ಅಲ್ವಾ? ಪಟ್ಟೀಲಿದ್ರೆ ವಾಸ ಇದ್ದ ಹಾಗೇ!”

ದರ್ಜಿ ಮತ್ತೆ ಕೂತ.

ಮಧ್ಯಾಹ್ನ ಪಟ್ಟಿ ಹಿಡಿದು ಜಾಗ ನೋಡಲು ಮೇಲಧಿಕಾರಿಯೇ ಬರುತ್ತಾನೆಂದು ಸುದ್ದಿ ಬಂತು. ಪಕ್ಕದ ಮನೆ ಅಕ್ಕ ಸುಮ್ಮನಿರುವ ಪೈಕಿಯಲ್ಲ. ಮರದ ಬುಡಕ್ಕೆ ಕುರ್ಚಿ ಒರಗಿಸಿ, ದಿಂಬು ನಿಲ್ಲಿಸಿ, ದರ್ಜಿಯ ಅಮ್ಮನ ಹಳೇ ಶಾಲು ಹೊದಿಸಿದಳು. ದೂರದಿಂದ ನೋಡಿದರೆ ಯಾರೋ ಮುನಿಸಿಕೊಂಡು ಕೂತ ಹಾಗೇ ಇತ್ತು.

“ಅಜ್ಜಿಗೆ ಓಡಾಡೋಕೆ ಆಗಲ್ವಾ?” ಬಂದವನು ಕೇಳಿದ.

“ಹುಟ್ಟಿದಾಗಿನಿಂದ್ಲೂ ನಿಂತಲ್ಲೇ,” ಎಂದ ದರ್ಜಿ. ಅವನಿಗೆ ಸುಳ್ಳು ಬರುವುದಿಲ್ಲ.

“ಮಾತು?”

“ಗಾಳಿ ಬಂದಾಗ ಸ್ವಲ್ಪ.”

“ಬೆಚ್ಚಗೆ ಮಲಗಿದ್ದಾರೆ ಸ್ವಾಮಿ, ಎಬ್ಬಿಸಬೇಡಿ,” ಎಂದಳು ಅಕ್ಕ.

ಅಷ್ಟರಲ್ಲಿ ಚಿಕ್ಕಿಯೋ ಚಿನ್ನಿಯೋ ಶಾಲಿನೊಳಗಿಂದ ಪುಳಕ್ಕನೆ ಹಾರಿ ಅಧಿಕಾರಿಯ ಹೆಗಲೇರಿತು. ಶಾಲು ಜಾರಿತು, ದಿಂಬು ಬಿತ್ತು. ಅಕ್ಕ, ಕ್ಷೌರಿಕ, ದರ್ಜಿ ಮೂವರೂ ಒಟ್ಟಿಗೇ ಶಾಲಿಗೆ ಕೈಹಾಕಿದರು.

ಅಧಿಕಾರಿ ಬೈಯಲಿಲ್ಲ. ಮರದ ಕಾಂಡದ ಮೇಲೆ ಕೈಯಿಟ್ಟ. “ನಮ್ಮಜ್ಜಿ ಮನೇಲೂ ಒಂದಿತ್ತು. ಅದನ್ನ ಕಡಿಯೋವಾಗ ನಾನು ಶಾಲೆಗೆ ಹೋಗಿದ್ದೆ.” ಮತ್ತೆ ಪಟ್ಟಿ ಬಿಡಿಸಿದ. “ಪಟ್ಟಿಗೆ ಮೊಹರು ಬಿದ್ದಾಗಿದೆ. ಇನ್ನು ಇವರು ಸೀಬಮ್ಮನೋರೇ. ಕೊಳವೆ ಪಕ್ಕಕ್ಕೆ ತಿರುಗಲಿ.”

ದರ್ಜಿಗೆ ಅಳುವೇ ಬಂತು. ಕ್ಷೌರಿಕ ಅವನನ್ನು ಎತ್ತಿ ಒಂದು ಸುತ್ತು ತಿರುಗಿಸಿದ.

“ಪಕ್ಕಕ್ಕೆ ಅಂದ್ರೆ ಎಲ್ಲಿಗೆ ಸ್ವಾಮಿ?” ಕೆಳಗಿಳಿದ ಮೇಲೆ ದರ್ಜಿ ಕೇಳಿದ.

ಅಧಿಕಾರಿ ಬೆರಳು ತೋರಿಸಿದ್ದು ದರ್ಜಿಯ ಒಂದೇ ಒಂದು ಕೋಣೆಯ ಕಡೆಗೆ.

“ಅಯ್ಯೋ, ಅಲ್ಲಿ ನಾನು ವಾಸ ಇದ್ದೀನಲ್ಲ!”

ಅಧಿಕಾರಿ ಪಟ್ಟಿಯ ಮೇಲೆ ಎರಡು ಸಲ ಬೆರಳಾಡಿಸಿದ. “ಸೀಬಮ್ಮ, ಚೆಲುವಿ, ಚಿಕ್ಕಿ, ಚಿನ್ನಿ, ಕರಿಯಣ್ಣ. ಐದೇ ಜೀವ. ತಾವು ಯಾರು?”

ಸಂಜೆ ಹೊಲಿಗೆ ಯಂತ್ರ ಸೀಬೆ ಮರದಡಿಗೆ ಬಂತು. ಕರಿಯಣ್ಣ ಮೇಲಿಂದ ಗುರಿಯಿಟ್ಟು ಕೋಟನ್ನು ಕೆಡಿಸಿದ. ಅಕ್ಕ ಬೇಲಿಯಾಚೆಯಿಂದ ಕೂಗಿದಳು: “ಎಲ್ಲರ ಊಟ ಆಯ್ತೇನಪ್ಪಾ?”

“ಐದು ಜೀವದ್ದೂ ಆಯ್ತಕ್ಕಾ.”

“ನಿಂದು?”

“ಅಯ್ಯೋ,” ಎಂದು ಅವನು ಶುರುಮಾಡಿದ, ಆಮೇಲೆ ಮುಂದಕ್ಕೆ ಹೇಳಲಾಗದೆ ಥೇಟ್ ಅವನಮ್ಮನ ಹಾಗೇ ನಕ್ಕುಬಿಟ್ಟ.