ಬೊಳ್ಳನ ಹಲ್ಲು, ನನ್ನ ತುಳು

ಕನ್ನಡ ನಾಡೆಲ್ಲ ಒಂದೇ ರಾಜ್ಯವಾದ ಹೊಸತು. ಆ ಒಗ್ಗಟ್ಟಿನ ಉತ್ಸಾಹದಲ್ಲಿ ಸರ್ಕಾರ ನನ್ನನ್ನು ಧಾರವಾಡದಿಂದ ಎತ್ತಿ, ಉಡುಪಿಯ ಕಡಿಯಾಳಿಯಲ್ಲಿ ಮಾಸ್ತರನಾಗಿ ಇಳಿಸಿತ್ತು. ಏಳೇ ತಿಂಗಳಲ್ಲಿ ನಾನು ತುಳು ಕಲಿತುಬಿಟ್ಟೆ. ಇಜ್ಜಿ ಎಂದರೆ ಇಲ್ಲ, ಬೊಡ್ಚಿ ಎಂದರೆ ಬೇಡ. ಇವೆರಡು ಗೊತ್ತಿದ್ದರೆ ಯಾವ ಊರಲ್ಲೂ ಬಾಳಬಹುದು ಎಂಬುದು ನನ್ನ ಸಿದ್ಧಾಂತ. ಪಕ್ಕದ ಮನೆಯ ಗಿರಿಜಕ್ಕ ಕನ್ನಡದಲ್ಲಿ ಮಾತು ತೆಗೆದರೆ ಸಾಕು, "ತುಳುವಿನಲ್ಲೇ ಹೇಳಿ" ಎಂದು ತಡೆಯುತ್ತಿದ್ದೆ.

ಒಂದು ದಿನ ಆಕೆ ಮಗಳ ಸೀಮಂತಕ್ಕೆಂದು ಪೆರ್ಡೂರಿಗೆ ಹೊರಟರು. ಹದಿಮೂರು ವರ್ಷದ ಮುದಿ ನಾಯಿ ಬೊಳ್ಳನನ್ನು ನಮ್ಮ ಜಗಲಿಯಲ್ಲಿ ಕಟ್ಟಿ, "ನಾಯಿಗ್ ಕೂಲಿ ಇಜ್ಜಿ ಮಾಸ್ಟ್ರೆ" ಎಂದರು.

ನಾಯಿ ನೋಡಿಕೊಂಡದ್ದಕ್ಕೆ ಕೂಲಿ ಇಲ್ಲ! ನೆರೆಹೊರೆಯಲ್ಲಿ ಇದೆಂಥ ಮಾತು? ನನಗೆ ತುಸು ನೋವೇ ಆಯಿತು. ಆದರೂ ದೊಡ್ಡ ಮನಸ್ಸು ಮಾಡಿ, "ಕೂಲಿ ಬೊಡ್ಚಿ ಅಕ್ಕ" ಎಂದೆ.

ಆಕೆಯ ಮುಖ ಅರಳಿತು. "ನಿಮಗೆ ಎಲ್ಲ ಗೊತ್ತುಂಟು. ಇನ್ನು ನನಗೆ ಹೆದರಿಕೆ ಇಲ್ಲ" ಎಂದು ಬಸ್ಸು ಹತ್ತಿದರು.

ಅಂದು ಬೊಳ್ಳನಿಗೆ ನಮ್ಮೂರಿನಿಂದ ಬಂದ ಖಡಕ್ ಜೋಳದ ರೊಟ್ಟಿ ಹಾಕಿದೆ. ಮೂಸಿ ಮುಖ ತಿರುಗಿಸಿತು. ಒಡತಿಯ ನೆನಪಿರಬೇಕು ಎಂದುಕೊಂಡೆ. ಮರುದಿನ ಹುರಿದ ಶೇಂಗಾ ಕೊಟ್ಟೆ. ಮುಟ್ಟಲಿಲ್ಲ. ಮೂರನೆಯ ದಿನ ಏಳು ತಲೆಮಾರಿನ ಶಾಕಾಹಾರಕ್ಕೆ ತಿಲಾಂಜಲಿಯಿತ್ತು, ಒಂದು ಎಲುಬನ್ನು ಕೊಡೆಯೊಳಗೆ ಬಚ್ಚಿಟ್ಟು ತಂದೆ. ಬೊಳ್ಳ ಅದನ್ನು ಒಮ್ಮೆ ಕಚ್ಚಿ, ಕುಂಯ್ಯೆಂದು ಅತ್ತು, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿತು. ನನಗೆ ನಿಜಕ್ಕೂ ಭಯವಾಯಿತು. ನಂಬಿ ಬಿಟ್ಟುಹೋದ ಪ್ರಾಣಿ ನಮ್ಮ ಜಗಲಿಯಲ್ಲೇ ಉಪವಾಸ ಸತ್ತರೆ ಆ ಹೆಂಗಸಿಗೆ ಹೇಗೆ ಮುಖ ತೋರಿಸಲಿ?

"ಅದರ ಬಾಯಿ ನಾರತೈತಿ, ಒಮ್ಮೆ ನೋಡ್ರಿ" ಎಂದಳು ಹೆಂಡತಿ ಶಾಂತವ್ವ.

"ನಾಯಿ ಬಾಯಿ ಮತ್ತೇನು ಮಲ್ಲಿಗಿ ಹಂಗ ಘಮ್ ಅಂತೈತೇನು? ನಿನಗ ತಿಳಿಯೂದಿಲ್ಲ, ಇದು ವಿರಹ."

ಆಕೆ ನಾಯಿಯನ್ನು ಬುಟ್ಟಿಯಲ್ಲಿಟ್ಟಳು, ಬುಟ್ಟಿಯನ್ನು ನನ್ನ ತಲೆಯ ಮೇಲಿಟ್ಟಳು. ದನದ ಆಸ್ಪತ್ರೆಯ ದಾರಿಯುದ್ದಕ್ಕೂ ನನ್ನ ಶಿಷ್ಯರು ಕೈಮುಗಿದರು. ನನಗೋ ನಾಯಿಗೋ ತಿಳಿಯಲಿಲ್ಲ.

ಡಾಕ್ಟರ ಹತ್ತಿರವೂ ನಾನು ತುಳುವಿನಲ್ಲೇ ಶುರುಮಾಡಿದೆ. ಹಾಗಾಗಿ ಅವರೂ, "ಉಂದೆಕ್ ಕೂಲಿ ಉಂಡಾ?" ಎಂದು ಕೇಳಿದರು. ಇದಕ್ಕೆ ಕೂಲಿ ಉಂಟಾ ಎಂದು!

"ಛೆ ಛೆ, ಬರೀ ಸ್ನೇಹಕ್ಕಾಗಿ ನೋಡಿಕೊಳ್ಳುತ್ತಿದ್ದೇನೆ" ಎಂದೆ.

ಡಾಕ್ಟರು ನನ್ನನ್ನೊಮ್ಮೆ, ನಾಯಿಯನ್ನೊಮ್ಮೆ ನೋಡಿ ಬೊಳ್ಳನ ತುಟಿ ಎತ್ತಿದರು. ಒಳಗೆ ಬಾತ ಒಸಡು, ಕೀವು, ಅಲ್ಲಾಡುವ ಒಂದೇ ಒಂದು ಕೋರೆಹಲ್ಲು.

"ತುಳುವಿನಲ್ಲಿ ಕೂಲಿ ಅಂದರೆ ಹಲ್ಲು ಮಾರಾಯ್ರೆ. ಇದಕ್ಕೆ ತಿನ್ನಲು ಎಂತ ಕೊಟ್ಟಿರಿ?"

ರೊಟ್ಟಿ, ಶೇಂಗಾ, ಎಲುಬು ಎಂದು ಹೇಳುವಷ್ಟರಲ್ಲಿ ನನ್ನ ಸ್ವರ ಪಾತಾಳಕ್ಕಿಳಿದಿತ್ತು. ಅವರು ಆ ಹಲ್ಲು ಕಿತ್ತು, ಬಾಯಿ ತೊಳೆದು, ಇನ್ನು ಗಂಜಿ ಮಾತ್ರ ಎಂದರು. ಸಂಜೆ ಶಾಂತವ್ವ ಗಂಜಿ ಕಿವುಚಿ ಇಟ್ಟಳು. ಬೊಳ್ಳ ತಟ್ಟೆಯ ತಳದವರೆಗೂ ನೆಕ್ಕಿತು. ನನ್ನ ಕಣ್ಣು ತುಂಬಿ ಬಂತು.

ಮರುದಿನ ಗಿರಿಜಕ್ಕ ಬಂದಾಗ ಎಲ್ಲವನ್ನೂ ಒಪ್ಪಿಕೊಂಡೆ. ಆಕೆ ತುಂಬ ಹೊತ್ತು ನಾಯಿಯ ತಲೆ ಸವರಿದರು.

"ಅರ್ಥವಾಗದಿದ್ದರೆ ಕೇಳಬಹುದಿತ್ತು ಅಲ್ವಾ ಮಾಸ್ಟ್ರೆ?"

"ಅರ್ಥವಾಗಿತ್ತು ಅಕ್ಕ. ಅದೇ ತೊಂದರೆಯಾದದ್ದು."

ಮುಂದಿನ ಸಲ ಪೆರ್ಡೂರಿಗೆ ಹೊರಟಾಗ ಆಕೆ ಬೊಳ್ಳನ ಹಗ್ಗವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟರು. ತುಳುವಿನ ಒಂದಕ್ಷರವೂ ಬಾರದ ನನ್ನ ಹೆಂಡತಿಯ ಕೈಗೆ!